ಮಾವ ಬರೆದ ಚೊಂಬು

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರಿನ ಜನರನ್ನು ಸಾಲಾಗಿ ನಿಲ್ಲಿಸಿ, “ಟ್ಯಾಬ್ಲೆಟ್ಟಿನ ಗಾಜಿಗೆ ಉಫ್ ಉಫ್ ಅಂತ ಗಾಳಿ ಊದಿ ಬಣ್ಣ ಒಣಗಿಸಿದವರು ಯಾರಾದರೂ ಇದ್ದೀರಾ?” ಅಂತ ಕೇಳಿದ್ದರೆ ಒಂದೇ ಒಂದು ಕೈ ಮೇಲೇಳುತ್ತಿತ್ತು. ನಮ್ಮ ಸೋದರಮಾವನದು! ಅದೂ ಹೆಮ್ಮೆಯಿಂದ!

ಮಾವ ಅಜ್ಜಂಪುರದ ಬೋರ್ಡ್ ಪೇಂಟರ್. ಕಿರಾಣಿ ಅಂಗಡಿ, ಕ್ಷೌರದಂಗಡಿ, ಬಸ್ಸಿನ ಹಣೆ, ಶಾಲೆಯ ಗೋಡೆ, ಎಲ್ಲದರ ಮೇಲೂ ಅವನದೇ ಅಕ್ಷರ. ಅಮೃತಾಪುರದ ದೇವಸ್ಥಾನಕ್ಕೆ ದಾರಿ ತೋರಿಸೋ ಬಾಣ ತನ್ನದು, ತಾನಿಲ್ಲದಿದ್ದರೆ ಭಕ್ತರೆಲ್ಲ ಹೊಲಕ್ಕೆ ನುಗ್ಗುತ್ತಿದ್ದರು ಅಂತ ಕೊಚ್ಚಿಕೊಳ್ಳುತ್ತಿದ್ದ. ಆಮೇಲೆ ಫ್ಲೆಕ್ಸ್ ಬಂತು, ಮಾವನ ಕುಂಚಗಳು ಡಬ್ಬದಲ್ಲೇ ಒಣಗಿದವು. ಕಡೂರಿನಲ್ಲಿ ಆ ಫ್ಲೆಕ್ಸ್ ಡಿಸೈನ್ ಮಾಡೋ ಅಂಗಡಿ ತೆರೆದ ಮಹಾತಾಯಿ ಯಾರು ಅಂತೀರಾ? ನಾನೇ! ಮಾವ ಒಂದು ದಿನವೂ ಅದಕ್ಕೆ ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡಿದ್ದರೆ ನನಗೆ ಈಗ ಸ್ವಲ್ಪ ಹಗುರವಾಗಿರುತ್ತಿತ್ತು.

ಅತ್ತೆ ತೀರಿಕೊಂಡ ನಾಲ್ಕು ತಿಂಗಳಿಗೆ ಬಸ್ಸಿಳಿದು ನನ್ನ ಅಂಗಡಿಗೆ ಬಂದ.

“ಲೇ, ನೀನು ಆ ಗಾಜಿನ ಹಲಗೆ ಮೇಲೆ ಚಿತ್ರ ಬರೀತೀಯಲ್ಲ, ನನಗೂ ಕಲಿಸು.”

“ಈ ವಯಸ್ಸಲ್ಲಿ ಯಾಕೆ ಮಾವ?”

“ಸೊಸೆ ಹಳೇ ಹಿತ್ತಾಳೆ ಸಾಮಾನೆಲ್ಲ ಹಾಕಿ ಸ್ಟೀಲು ತಗೋತಾವ್ಳೆ. ತಪ್ಪಲ್ಲ ಬಿಡು, ಅವಳ ಸಂಸಾರ. ಆದ್ರೆ ನಿಮ್ಮತ್ತೆ ಮುಟ್ಟಿದ್ದು ಒಂದೊಂದೇ ಹೊಸ್ತಿಲು ದಾಟ್ತಾ ಐತೆ. ನೀರಿನ ಚೊಂಬು ಆಗ್ಲೇ ಹೋಯ್ತು. ಎಲ್ಲಾನೂ ಬರ್ಕೊಬೇಕು. ಬಣ್ಣದ ವಾಸನೆ ಮೂಗಿಗೆ ಹೋದ್ರೆ ಈಗ ಕೆಮ್ಮು, ಅದಕ್ಕೇ ನಿನ್ನ ಹಲಗೆ.”

“ಮಿಕ್ಕಿದ್ದನ್ನ ಫೋನಲ್ಲಿ ಫೋಟೋ ಹೊಡ್ಕೊ, ಒಂದೇ ನಿಮಿಷ!”

“ಒಂದೇ ನಿಮಿಷಕ್ಕೆ ಮುಗಿಸಿಬಿಟ್ರೆ ಮಿಕ್ಕ ದಿನವೆಲ್ಲ ಏನು ಮಾಡ್ಲಿ ಕಣೇ?”

ವಾರಕ್ಕೊಂದು ಪಾಠ ಶುರುವಾಯಿತು.

ಮೊದಲನೇ ವಾರ ಈಳಿಗೆಮಣೆ. “ಮಾವ, ನೇರ ಗೆರೆ ಬೇಕಾದ್ರೆ ಇದನ್ನ ಒತ್ತು” ಅಂತ ತೋರಿಸಿ ಕಾಫಿ ತರೋದಕ್ಕೆ ಹೋಗಿದ್ದೆ, ಅಷ್ಟೇ. ಬಂದು ನೋಡುತ್ತೇನೆ, ಬೋರ್ಡ್ ಬರೆಯೋರ ಹಳೇ ಪದ್ಧತಿಯಂತೆ ನೂಲಿಗೆ ಸೀಮೆಸುಣ್ಣದ ಪುಡಿ ಸವರಿಕೊಂಡು ಕೂತಿದ್ದಾನೆ! “ಆ ತುದಿ ಹಿಡ್ಕೊಳೇ” ಅಂದ. ಬೆಪ್ಪಳಂತೆ ಹಿಡಿದೆ. ನೂಲನ್ನು ಮೇಲಕ್ಕೆಳೆದು ಟಪ್ ಅಂತ ಬಿಟ್ಟ. ಗಾಜಿನ ಮೇಲೆ ಬಿಳೀ ಗೆರೆ, ಚಾರ್ಜರ್ ಚುಚ್ಚೋ ತೂತಿನ ತುಂಬ ಬಿಳೀ ಪುಡಿ! ಎರಡು ದಿನ ಟ್ಯಾಬ್ಲೆಟ್ ಉಸಿರೆತ್ತಲಿಲ್ಲ. ಮಾವ ಮಾತ್ರ, “ಗೆರೆ ನೋಡು, ಒಂದು ಕೂದಲೆಳೆ ಆಚೀಚೆ ಐತಾ?” ಅನ್ನುತ್ತಲೇ ಇದ್ದ.

ಬರೆದದ್ದನ್ನು ನೋಡೋ ರೀತಿಯಂತೂ ಕೇಳಲೇಬೇಡಿ. ಟ್ಯಾಬ್ಲೆಟ್ಟನ್ನು ಬಾಗಿಲಲ್ಲಿ ಕುರ್ಚಿಯ ಮೇಲೆ ನಿಲ್ಲಿಸಿ, ರಸ್ತೆ ದಾಟಿ, ಎದುರಿನ ಬೇಕರಿಯ ಮುಂದೆ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಬೋರ್ಡನ್ನ ಜನ ಓದೋದು ಅಲ್ಲಿಂದ ತಾನೇ? ನಡುವೆ ಯಗಟಿ ಬಸ್ಸು, ತೆಂಗಿನಕಾಯಿ ಲಾರಿ, ಕುರಿ ಹಿಂಡು. ಅದೆಲ್ಲ ಹಾದುಹೋಗೋ ತನಕ ಕಾದು, ಅಲ್ಲಿಂದಲೇ, “ಸ್ವಲ್ಪ ಎಡಕ್ಕೆ ತಿರುಗಿಸೇ!” ಅಂತ ಕೂಗು.

“ಮಾವ, ಎರಡು ಬೆರಳಲ್ಲಿ ಹೀಗೆ ಚಿವುಟಿದ್ರೆ ಚಿತ್ರ ತಾನೇ ದೂರ ಹೋಗುತ್ತೆ!”

“ಅದು ದೂರ ಹೋದ್ರೆ ಏನು ಬಂತು? ನಾನು ದೂರ ಹೋಗ್ಬೇಕು ಕಣೇ!”

ತಪ್ಪಾದರೆ ಹಿಂದಕ್ಕೆ ಹೋಗಲು ‘ಅನ್‌ಡೂ’ ಅಂತ ಒಂದು ಗುಂಡಿ ಇದೆಯಲ್ಲ, ಅದನ್ನು ಹೆಮ್ಮೆಯಿಂದ ತೋರಿಸಿದೆ. ಮಾವ ಹಾವು ಕಂಡವನಂತೆ ಕೈ ಎಳೆದುಕೊಂಡ. ಒಂದು ಪಕ್ಕ ಬರೆದರೆ ಇನ್ನೊಂದು ಪಕ್ಕ ತಾನಾಗಿಯೇ ಮೂಡೋ ಸೌಕರ್ಯ ತೋರಿಸಿದರೆ ನಕ್ಕೇಬಿಟ್ಟ.

“ಎರಡು ಪಕ್ಕಾನೂ ಒಂದೇ ಥರ ಇರೋ ಪಾತ್ರೆ ಯಾರ ಮನೇಲಿರುತ್ತೆ? ಅಂಗಡೀಲಿರುತ್ತೆ!”

ಈ ಮಾತನ್ನು ನಾನು ಕಿವಿಯಲ್ಲಿ ಕೇಳಿದೆ. ತಲೆಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ಚೊಂಬು ಹಿಡಿದ. ಎದುರಿಗಿಲ್ಲದ ಚೊಂಬು, ನೆನಪಿನಿಂದಲೇ. ಆರು ವಾರ! ಬರೆಯೋದು, ರಸ್ತೆ ದಾಟೋದು, ಬರೋದು, ಅಳಿಸೋದು. ಬೇಕರಿಯವರು ಅವನಿಗಾಗಿ ಒಂದು ಸ್ಟೂಲನ್ನೇ ಹಾಕಿಬಿಟ್ಟಿದ್ದರು. ಆರನೇ ವಾರ ರಸ್ತೆ ದಾಟಿ ಹೋದವನು ಅಲ್ಲೇ ಕೂತು, ಬಹಳ ಹೊತ್ತು ನೋಡಿ, ಏನೂ ಕೂಗದೆ ವಾಪಸ್ ಬಂದ. “ಆಯ್ತು” ಅಂದ.

ಅತ್ತೆಯ ವರ್ಷದ ಪೂಜೆ ಹತ್ತಿರದಲ್ಲಿತ್ತು. ಆ ಚಿತ್ರವನ್ನು ಪ್ರಿಂಟ್ ತೆಗೆದು, ಫ್ರೇಮ್ ಹಾಕಿಸಿ ಮಾವನಿಗೆ ಕೊಡೋಣ ಅಂತ ನನ್ನ ಆಸೆ. ತೆರೆದು ನೋಡಿದರೆ ಚೊಂಬಿನ ಎಡಗಡೆಯ ಗೆರೆ ಒಳಕ್ಕೆ ಹೋಗಿತ್ತು. ಪಾಪ, ವಯಸ್ಸಾದ ಕೈ, ನಡುಗಿದೆ ಅಂದುಕೊಂಡೆ. ಎಡಗಡೆ ಪೂರಾ ಅಳಿಸಿ, ಬಲಗಡೆಯದನ್ನೇ ತಿರುಗಿಸಿ ಅಂಟಿಸಿ, ಸೇವ್ ಮಾಡಿ, ಮುಚ್ಚಿದೆ. ಎರಡೇ ನಿಮಿಷದ ಕೆಲಸ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ!

ಮಾವ ಬಂದ. ಫ್ರೇಮನ್ನು ಕುರ್ಚಿಯ ಮೇಲಿಟ್ಟು, ರಸ್ತೆ ದಾಟಿ ನೋಡಿ, ಬೇಗನೇ ವಾಪಸ್ ಬಂದ.

“ನೆಗ್ಗು ಎಲ್ಲಿ ಹೋಯ್ತೇ?”

“ಯಾವ ನೆಗ್ಗು ಮಾವ?”

“ಮದುವೆಯಾದ ಹೊಸದು. ತರೀಕೆರೆಗೆ ಬೋರ್ಡ್ ಬರೆಯಕ್ಕೆ ಹೋದೋನು ನಾಲ್ಕು ದಿನ ಹೇಳದೆ ಕೇಳದೆ ಅಲ್ಲೇ ಉಳಿದುಬಿಟ್ಟಿದ್ದೆ. ಬಂದು ಬಾಗಿಲಲ್ಲಿ ನಿಂತಿದ್ದೇ ತಡ, ನಿಮ್ಮತ್ತೆ ಚೊಂಬು ಬೀಸಿದಳು ನೋಡು! ನಾನು ಬಗ್ಗಿದೆ, ಅದು ಬಾಗಿಲ ಚೌಕಟ್ಟಿಗೆ ಬಡಿದು ನೆಗ್ಗಿಹೋಯ್ತು.” ಮಾವ ನಕ್ಕ. “ಆವತ್ತಿಂದ ಕೊನೇ ತನಕ ನೀರು ಕೊಡುವಾಗ ಆ ನೆಗ್ಗನ್ನ ನನ್ನ ಕಡೆಗೇ ತಿರುಗಿಸಿ ಕೊಡೋಳು ಕಣೇ. ಒಂದು ದಿನಾನೂ ತಪ್ಪಿಸಲಿಲ್ಲ.”

ನಾನು ಓಡಿಹೋಗಿ ಟ್ಯಾಬ್ಲೆಟ್ ತೆರೆದೆ. ಅನ್‌ಡೂ ಒತ್ತಿದೆ. ಮತ್ತೆ ಮತ್ತೆ ಒತ್ತಿದೆ. ಮುಚ್ಚಿದ ಚಿತ್ರಕ್ಕೆ ಅನ್‌ಡೂ ಎಲ್ಲಿಂದ ಬರಬೇಕು? ನಾನೇ ಮೇಷ್ಟರು, ನನಗೆ ಗೊತ್ತಿಲ್ಲವಾ!

“ಇನ್ನೊಂದು ಸಲ ಬರಿ ಮಾವ, ನಿನ್ನ ಕಾಲಿಗೆ ಬೀಳ್ತೀನಿ.”

“ಬರೀತೀನಿ ಬಿಡು. ಅಳಬೇಡ. ಚೆನ್ನಾಗೈತೆ, ಹೊಸದರ ಥರ ಐತೆ” ಅಂದ. ಫ್ರೇಮನ್ನು ಟವೆಲ್ಲಿನಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಬಸ್ ಹತ್ತಿದ. ಆಮೇಲೆ ಟ್ಯಾಬ್ಲೆಟ್ಟಿನ ಪೆನ್ನು ಮುಟ್ಟಲಿಲ್ಲ. ನಾನೂ ಮುಂದಿನ ವಾರ, ಆ ಮುಂದಿನ ವಾರ ಅಂತ ಎಲೆಕ್ಷನ್ ಫ್ಲೆಕ್ಸುಗಳಲ್ಲಿ ಮುಳುಗಿದೆ. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಮಾವನೂ ಹೋದ.

ಈಗ ವಾರಕ್ಕೊಂದು ಸಲ ನಾನೇ ಆ ನೆಗ್ಗು ಬರೆಯಲು ಕೂರುತ್ತೇನೆ. ಕಂಠದ ಕೆಳಗಿತ್ತೋ, ಹೊಟ್ಟೆಯ ಹತ್ತಿರವಿತ್ತೋ? ಆಳವಿತ್ತೋ, ಸುಮ್ಮನೆ ತಗ್ಗಿತ್ತೋ? ನಾನು ಸರಿಯಾಗಿ ನೋಡಿರಲಿಲ್ಲ, ಅಳಿಸಿದ್ದೆ ಅಷ್ಟೇ. ಬರೆದು, ಕುರ್ಚಿಯ ಮೇಲಿಟ್ಟು, ರಸ್ತೆ ದಾಟಿ ನೋಡುತ್ತೇನೆ. ಬೇಕರಿಯವರು, “ಏನಮ್ಮಾ, ನೀನೂ ನಿಮ್ಮಾವನ ಥರ ಆಗ್ಬಿಟ್ಯಲ್ಲ!” ಅನ್ನುತ್ತಾರೆ. ಆ ಸ್ಟೂಲನ್ನು ಮಾತ್ರ ಅವರು ಇನ್ನೂ ತೆಗೆದಿಲ್ಲ.

ಹೋದ ವಾರದಿಂದ ಎಡಗಡೆಯಲ್ಲಿ ಬರೆಯೋದು ಬಿಟ್ಟಿದ್ದೇನೆ. ಸರಿಯಾದ ಜಾಗ ನನಗೆ ಇನ್ನು ಸಿಗೋದಿಲ್ಲ. ನೆಗ್ಗನ್ನು ಚೊಂಬಿನ ಮುಂಭಾಗಕ್ಕೇ ತಂದಿದ್ದೇನೆ, ಆ ಸ್ಟೂಲಿನ ಮೇಲೆ ಕೂತವನ ಕಡೆಗೆ. ಅತ್ತೆ ನೀರು ಕೊಡುತ್ತಿದ್ದದ್ದು ಹಾಗೇ ಅಲ್ಲವಾ ಮಾವ?