ಬ್ಯಾರನ್ ಬಿಟ್ಟು ಟೆಸ್ಟ್ ಮ್ಯಾಚಿಗೆ

ನಮ್ಮ ಸೋದರಮಾವ ಇಂಗ್ಲೆಂಡಿಗೆ ಹೋಗಿ, ಕ್ರಿಕೆಟ್ ಮೈದಾನದಲ್ಲಿ ಕೂತು, ಐದು ದಿನ ಹೊಗೆಸೊಪ್ಪು ಬೇಯಿಸಿ ಬಂದರು ಎಂದರೆ ನೀವು ನಂಬುತ್ತೀರಾ? ನಂಬಬೇಡಿ ಬಿಡಿ. ಪಕ್ಕದ ಕುರ್ಚಿಯಲ್ಲೇ ಕೂತಿದ್ದ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ!

ಹೊಗೆಸೊಪ್ಪಿನ ಸಂಗತಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಯಾವ ಊರಿಗೆ ಹೋದರೂ ಹೊಲದ ಬದಿಯಲ್ಲಿ ಎತ್ತರದ, ಬೋಳು ಗೋಡೆಯ ಒಂದು ಕಟ್ಟಡ ಕಾಣುತ್ತದೆ. ಅದೇ ಬ್ಯಾರನ್. ಹಸಿ ಎಲೆಯನ್ನು ಕೋಲುಗಳಿಗೆ ಕಟ್ಟಿ, ಒಳಗೆ ಸಾಲಾಗಿ ನೇತುಹಾಕಿ, ಹೊರಗಿನ ಒಲೆಗೆ ಸೌದೆ ಒಡ್ಡಿ, ಕೊಳವೆಯಲ್ಲಿ ಹರಿಯುವ ಬಿಸಿಯಿಂದ ಐದು ದಿನ ಅದನ್ನು ಹದ ಮಾಡಬೇಕು. ಮೊದಲ ದಿನ ಫ್ಯಾರನ್‌ಹೀಟಿನಲ್ಲಿ ತೊಂಬತ್ತು ಡಿಗ್ರಿ, ಕೊನೆಯ ದಿನ ನೂರ ಅರವತ್ತು. ಕಾವು ಬೇಗ ಏರಿದರೆ ಎಲೆ ಹಣ್ಣಾಗಿ ಹಳದಿಗೆ ತಿರುಗದೆ ಹಸಿರಾಗಿಯೇ ಒಣಗುತ್ತದೆ, ತಡವಾದರೆ ಕಪ್ಪಗಾಗುತ್ತದೆ. ಹಾಗಾಗಿ ಯಾರಾದರೂ ಒಬ್ಬರು ಒಲೆಯ ಮುಂದೆ ಕೂತೇ ಇರಬೇಕು.

ಕಟ್ಟೆಮಳಲವಾಡಿಯ ನಮ್ಮ ಮಾವ ನಲವತ್ತು ವರ್ಷ ಹಾಗೆ ಕೂತವರು. ಒಂದು ಬೀಡಿ ಸೇದಿದವರಲ್ಲ, ಅದು ಬೇರೆ ಮಾತು! ಜೊತೆಗಿದ್ದದ್ದು ಒಂದು ರೇಡಿಯೋ. ಸೊಪ್ಪು ಬೇಯಿಸುವ ಕಾಲವೂ ನಮ್ಮ ಟೀಮು ಇಂಗ್ಲೆಂಡಿಗೆ ಹೋಗುವ ಕಾಲವೂ ಒಂದೇ ಆದ್ದರಿಂದ, ಮಾವನಿಗೆ ಇಂಗ್ಲೆಂಡ್ ಎಂದರೆ ಬ್ಯಾರನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದ ದೇಶ. ಇಂಗ್ಲಿಷು ಬಾರದಿದ್ದರೂ ಕಾಮೆಂಟರಿಯವರ ಗಂಟಲು ಏರಿದ್ದು ಇಳಿದದ್ದರಲ್ಲೇ ಯಾರು ಔಟಾದರು ಎಂದು ಹೇಳಿಬಿಡುತ್ತಿದ್ದರು. ಅವರದೇ ಒಂದು ಸಿದ್ಧಾಂತವೂ ಇದೆ.

“ಟೆಸ್ಟ್ ಮ್ಯಾಚ್ ಕಂಡುಹಿಡ್ದೋನು ಬ್ಯಾರನ್ ಇದ್ದೋನೇ ಕಣವ್ವ. ಇಲ್ದಿದ್ರೆ ಐದೇ ದಿನ ಯಾಕೆ? ನಾಕೂ ಅಲ್ಲ, ಆರೂ ಅಲ್ಲ!”

“ಮತ್ತೆ ಇಪ್ಪತ್ತು ಓವರಿನ ಆಟ ಮಾವ?”

“ಅದು ಬರೀ ಒಗ್ಗರಣೆ. ಚಟಪಟ ಅಂತದೆ, ಹೊಟ್ಟೆ ತುಂಬಕಿಲ್ಲ.”

ಇಂಥವರಿಗೆ ಇದ್ದದ್ದು ಒಂದೇ ಆಸೆ. ಇಂಗ್ಲೆಂಡಿನ ನೆಲದಲ್ಲಿ ನಮ್ಮವರು ಟೆಸ್ಟ್ ಗೆಲ್ಲುವುದನ್ನು ಒಂದು ಸಲ, ಒಂದೇ ಒಂದು ಸಲ, ಎದುರಿಗೆ ಕೂತು ಕಣ್ಣಾರೆ ನೋಡಬೇಕು. ರೇಡಿಯೋದಲ್ಲಿ ಕೇಳಿದ್ದಾಗಿತ್ತು, ಟಿವಿಯಲ್ಲಿ ನೋಡಿದ್ದಾಗಿತ್ತು, ಅದ್ಯಾವುದೂ ಲೆಕ್ಕಕ್ಕಿಲ್ಲವಂತೆ. “ಅಷ್ಟೊಂದು ಆಸೆಯಿದ್ದರೆ ಆಸ್ಟ್ರೇಲಿಯಾಕ್ಕೆ ಹೋಗಿ ಮಾವ, ಆಗ ಬ್ಯಾರನ್ ಕೆಲಸವೂ ಇರುವುದಿಲ್ಲ” ಎಂದು ನಾನು ಬುದ್ಧಿ ಹೇಳಲು ಹೋದೆ. ಮನಸ್ಸಿಗೆ ಒಪ್ಪಿದ ಹೆಣ್ಣನ್ನು ಬಿಟ್ಟು ಇನ್ನೊಬ್ಬರ ಮನೆಯ ಹೆಣ್ಣು ತೋರಿಸಿದೆನೇನೋ ಎಂಬಂತೆ ನನ್ನನ್ನು ನೋಡಿದರು.

ಇನ್ನು ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ. ಅವರಿಗೂ ಕ್ರಿಕೆಟ್ಟಿಗೂ ಎಣ್ಣೆ ಸೀಗೇಕಾಯಿ. “ಅನ್ನೊಂದು ಜನ ಗಟ್ಟಿ ಆಳು ದಿನಾ ಪೂರ್ತಿ ಬಿಸ್ಲಲ್ಲಿ ನಿಂತವ್ರೆ. ಕಳೆ ಕೀಳಾಕೆ ಬರ್ರಪ್ಪ ಅಂದ್ರೆ ಒಬ್ನಾದ್ರೂ ಬತ್ತಾನಾ?” ಎನ್ನುವುದು ಅವರ ಒಟ್ಟು ವಿಮರ್ಶೆ. ಮಾವನೂ ಸೇಡು ತೀರಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ಅತ್ತೆ ಎಲೆ ಕಟ್ಟಬಹುದು, ಸೌದೆ ಹೊರಬಹುದು. ಕಾವು ನೋಡುವ ಥರ್ಮಾಮೀಟರಿನ ಹತ್ತಿರ ಮಾತ್ರ ಸುಳಿಯುವಂತಿರಲಿಲ್ಲ.

ಆದರೆ ಕಳುಹಿಸಿದ್ದು ಆ ಅತ್ತೆಯೇ! ಒಂದು ದಿನ ಉಣ್ಣುವಾಗ ಮಾವ ಮತ್ತೆ ಇಂಗ್ಲೆಂಡಿನ ರಾಗ ತೆಗೆದರಂತೆ. ಅತ್ತೆ ಮುದ್ದೆಯನ್ನು ತಟ್ಟೆಗೆ ದೊಪ್ಪನೆ ಹಾಕಿ, “ಓಗ್ಬನ್ನಿ. ಬ್ಯಾರನ್ ನಾನ್ ನೋಡ್ಕತೀನಿ. ಓಗಕಿಲ್ಲ ಅಂದ್ರೆ ಇನ್ನೊಂದ್ಸಲ ಆ ಮಾತು ನನ್ ಕಿವಿಗೆ ಬೀಳ್ಕೂಡ್ದು” ಎಂದರು. ನಾನು ಕೆ.ಆರ್. ನಗರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಮಾತಿಗೊಬ್ಬರು ಬೇಕೆಂದು ನನ್ನನ್ನೂ ಗಂಟುಹಾಕಿದರು.

ಬೆಂಗಳೂರಿನ ವೀಸಾ ಕಚೇರಿಯಲ್ಲಿ ಮೊದಲ ವಿಕೆಟ್ ಬೀಳುವುದರಲ್ಲಿತ್ತು. ಬೆರಳಚ್ಚು ತೆಗೆಯುವ ಯಂತ್ರಕ್ಕೆ ಮಾವನ ಬೆರಳೇ ಕಾಣಿಸಲಿಲ್ಲ! ನಲವತ್ತು ವರ್ಷ ಒಲೆಗೆ ಸೌದೆ ತುರುಕಿ, ಎಲೆಯ ಅಂಟನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ತೊಳೆದು, ಗೆರೆಗಳೆಲ್ಲ ಸವೆದುಹೋಗಿದ್ದವು. ಕೌಂಟರಿನ ಹುಡುಗಿ ಒರೆಸಿದಳು, ಒತ್ತಿದಳು, ಮತ್ತೆ ಒರೆಸಿದಳು.

“ಅಂಕಲ್, ಗೆರೇನೇ ಬರ್ತಿಲ್ಲ.”

“ಗೆರೆ ಬೇಕಾದ್ರೆ ಅಂಗೈನಾಗವೆ, ತಗಳಿ ತಾಯಿ” ಎಂದು ಮಾವ ಅಂಗೈ ಒಡ್ಡಿದರು. ಅಷ್ಟಕ್ಕೆ ಸುಮ್ಮನಿದ್ದರೆ ಚೆನ್ನಾಗಿತ್ತು. “ಅಂಗಾರೆ ನಾನು ಅಲ್ಲೋಗಿ ಕಳ್ತನ ಮಾಡುದ್ರೂ ಯಾರ್ಗೂ ಗೊತ್ತಾಗಕಿಲ್ಲ ಅನ್ನಿ!” ಎಂದು ಕಚೇರಿಗೆಲ್ಲ ಕೇಳುವಂತೆ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪುಣ್ಯಕ್ಕೆ ಆ ಹುಡುಗಿಯೂ ನಕ್ಕಳು. ಐದನೆಯ ಸಲಕ್ಕೆ ಅಚ್ಚು ಮೂಡಿತು.

ಹೊರಡುವ ಮುಂಚೆ ಮಾವ ಬ್ಯಾರನ್ನಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಯಾವ ದಿನ, ಯಾವ ಹೊತ್ತಿಗೆ, ಎಷ್ಟು ಡಿಗ್ರಿ ಎಂದು ಆಳೆತ್ತರದ ಅಕ್ಷರದಲ್ಲಿ ಬರೆದರು. ಮಾವ ಬಸ್ಸು ಹತ್ತಿದ ಮಧ್ಯಾಹ್ನವೇ ಅತ್ತೆ ಅದರ ಮೇಲೆ ಬೆರಣಿ ತಟ್ಟಿದರಂತೆ. ಬಿಸಿಲು ಬೀಳುವ ಗೋಡೆ, ಬೇಗ ಒಣಗುತ್ತದಲ್ಲ!

ಮ್ಯಾಚ್ ಇದ್ದದ್ದು ಲಂಡನ್ನಿನಿಂದ ರೈಲಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿ. ಆಟ ಶುರುವಾದ ದಿನವೇ ಕಟ್ಟೆಮಳಲವಾಡಿಯಲ್ಲಿ ಅತ್ತೆ ಬ್ಯಾರನ್ನಿನ ಒಲೆಯನ್ನೂ ಹೊತ್ತಿಸಿದರು. ಮಾವ ಕೈಗಡಿಯಾರವನ್ನು ಊರಿನ ಹೊತ್ತಿಗೇ ಇಟ್ಟುಕೊಂಡಿದ್ದರು. ಎದುರಿಗೆ ಹಸಿರು ಮೈದಾನ, ಬಿಳಿ ಬಟ್ಟೆಯ ನಮ್ಮ ಹುಡುಗರು, ನಲವತ್ತು ವರ್ಷದ ಕನಸು. ಮಾವ ಏನು ಮಾಡಿದರು ಹೇಳಿ? ಮೂರನೆಯ ಓವರಿಗೆ ಫೋನ್ ತೆಗೆದರು.

“ಎಷ್ಟದೆ?”

“ತೊಂಬತ್ತು.” ಅತ್ತೆಯ ದನಿ ನಮ್ಮ ಸಾಲಿಗೆಲ್ಲ ಕೇಳುವಂತಿತ್ತು. ಮಾವನ ಫೋನು ಯಾವತ್ತೂ ಸ್ಪೀಕರಿನಲ್ಲೇ ಇರುವುದು.

“ಮ್ಯಾಕೆ ಓಗ್ದಂಗೆ ನೋಡ್ಕೊ.”

ಗಂಟೆಗೊಂದು ಸಲ ಇದೇ ಪಾರಾಯಣ. ನಮ್ಮ ಪಕ್ಕದಲ್ಲಿ ಒಬ್ಬ ಇಂಗ್ಲಿಷ್ ಮುದುಕ, ಮೊಣಕಾಲ ಮೇಲೆ ಪುಸ್ತಕವಿಟ್ಟುಕೊಂಡು ಪ್ರತಿ ಬಾಲನ್ನೂ ಬರೆದುಕೊಳ್ಳುತ್ತಿದ್ದರು. ಮಾವ ಒಂದೊಂದು ಸಲ ಫೋನ್ ಇಟ್ಟು “ನೈಂಟಿ ಟೂ”, “ನೈಂಟಿ ಫೋರ್” ಎಂದು ನನಗೆ ವರದಿ ಒಪ್ಪಿಸುವಾಗ ಆತ ತನ್ನ ಪುಸ್ತಕ ನೋಡಿಕೊಂಡು ಕಂಗಾಲಾಗುತ್ತಿದ್ದರು, ಏಕೆಂದರೆ ಇಂಡಿಯಾದ ಸ್ಕೋರು ಆಗ ಮೂವತ್ತೊಂದು. ಕೊನೆಗೆ ತಡೆಯಲಾರದೆ ನನ್ನನ್ನು ಕೇಳಿಯೇಬಿಟ್ಟರು. ನಾನು ಹೊಗೆಸೊಪ್ಪು, ಬ್ಯಾರನ್ನು, ಒಲೆ, ಅತ್ತೆ ಎಲ್ಲವನ್ನೂ ವಿವರಿಸಿದೆ. ಆತ ಗಂಭೀರವಾಗಿ ಪುಸ್ತಕದ ಹಿಂದಿನ ಪುಟ ತೆರೆದು ಅಲ್ಲೊಂದು ಹೊಸ ಪಟ್ಟಿ ಶುರುಮಾಡಿದರು!

ಎರಡನೆಯ ದಿನ ಆತನೇ ಮೊದಲು ಕೇಳಿದ್ದು: “ನಿಮ್ಮ ಎಲೆ ಹೇಗಿದೆ?” ಅಷ್ಟರಲ್ಲಿ ಸುದ್ದಿ ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ಹರಡಿತ್ತು. ಮಧ್ಯಾಹ್ನ ಮಾವ ಫೋನ್ ಮಾಡಿ ಎಷ್ಟದೆ ಎಂದರು. ಅತ್ತೆ “ನೂರು” ಎಂದರು, ನಾನು “ಹಂಡ್ರೆಡ್” ಎಂದು ತಿಳಿಸಿದೆ. ಮುದುಕ ಪೆನ್ನಿಟ್ಟು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ನಮ್ಮ ಸಾಲೆಲ್ಲ ಎದ್ದಿತು.

“ಅದೇನ್ರೀ ಸಬ್ದ?”

“ನೀನು ಸೆಂಚುರಿ ಒಡ್ದೆ ಅಂತ ಚಪ್ಪಾಳೆ ತಟ್ತಾವ್ರೆ ಕಣೆ!”

“ಅವ್ರಿಗೇನ್ ಬ್ಯಾರೆ ಕೆಲ್ಸ ಇಲ್ವಾ?” ಎಂದರು ಅತ್ತೆ. ಆದರೆ ಫೋನು ಮಾತ್ರ ತಕ್ಷಣ ಇಡಲಿಲ್ಲ.

ಮೂರನೆಯ ದಿನ ಜಗಳ. ಈಗ ಕಾವು ಏರಿಸು ಎಂದು ಮಾವ. ಕೆಳಗಿನ ಸಾಲಿನ ಎಲೆ ಇನ್ನೂ ಹಸಿರಾಗಿದೆ, ಏರಿಸುವುದಿಲ್ಲ ಎಂದು ಅತ್ತೆ.

“ಗ್ವಾಡೆ ಮ್ಯಾಗೆ ಬರ್ದಿಲ್ವಾ ನಾನು?”

“ಗ್ವಾಡೆ ಕೇಳ್ಕಂಡು ಎಲೆ ಅಣ್ಣಾಯ್ತದಾ? ಎಲೆ ಮುಂದೆ ನಾನಿವ್ನಿ, ನೀವಿಲ್ಲ. ಸುಮ್ಕೆ ಆಟ ನೋಡಿ!” ಎಂದು ಅತ್ತೆ ಫೋನ್ ಕುಕ್ಕಿದರು. ಮೈದಾನದಲ್ಲಿ ಇಂಗ್ಲೆಂಡಿನ ಇಬ್ಬರು ಬೆನ್ನುಬೆನ್ನಿಗೆ ಔಟಾದರು. ಮಾವನಿಗೆ ಅದು ಕಾಣಲೇ ಇಲ್ಲ. ನಾಲ್ಕನೆಯ ದಿನ ಇಬ್ಬರೂ ಅಂಕಿ ಬಿಟ್ಟು ಬೇರೆ ಮಾತಾಡಲಿಲ್ಲ. ಆಡಬೇಕಾದ ಮಾತನ್ನೆಲ್ಲ ಮಾವ ನನ್ನ ಹತ್ತಿರ ಆಡಿದರು. ಎಲೆ ಹಾಳಾಯಿತು, ತಾನು ಬರಬಾರದಿತ್ತು, ನಾನಾದರೂ ತಡೆಯಬೇಕಿತ್ತು! ತಪ್ಪು ನನ್ನದಂತೆ! ಸ್ಕೂಲಿಗೆ ರಜೆ ಹಾಕಿ, ಚಳಿಯಲ್ಲಿ ನಡುಗುತ್ತ ಕೂತವಳಿಗೆ ಇಷ್ಟು ಸಾಲದೇ?

ಐದನೆಯ ದಿನ ಊಟದ ವಿರಾಮ ಮುಗಿಯುವಾಗ ಇಂಗ್ಲೆಂಡಿನ ಎಂಟು ವಿಕೆಟ್ ಬಿದ್ದಿದ್ದವು. ಇನ್ನೆರಡು ಬಿದ್ದರೆ ಗೆದ್ದೆವು. ಮೈದಾನಕ್ಕೆ ಮೈದಾನವೇ ಎದ್ದು ನಿಂತಿತ್ತು. ಮಾವ ಫೋನ್ ಮಾಡಿದರು. ಅತ್ತೆ ಎತ್ತಲಿಲ್ಲ. ಮತ್ತೆ ಮಾಡಿದರು, ಎತ್ತಲಿಲ್ಲ. ಪಕ್ಕದ ಹೊಲದವರಿಗೆ ಮಾಡಿದರು, ಅವರೂ ಎತ್ತಲಿಲ್ಲ.

ಮಾವನ ಮುಖ ಬಿಳಿಚಿಕೊಂಡಿತು. ಕೊನೆಯ ದಿನ ಒಳಗೆ ನೂರ ಅರವತ್ತು ಡಿಗ್ರಿ, ಎಲೆ ಗರಿಗರಿಯಾಗಿರುತ್ತದೆ. ಕಾದ ಕೊಳವೆಯ ಮೇಲೆ ಒಂದು ಎಲೆ ಉದುರಿದರೂ ಸಾಕು, ಇಡೀ ಬ್ಯಾರನ್ ಹತ್ತಿ ಉರಿಯುತ್ತದೆ. ನಮ್ಮ ಕಡೆ ಹಾಗೆ ಉರಿದದ್ದನ್ನು ಎಲ್ಲರೂ ನೋಡಿದವರೇ.

ಆಗಲೇ ಒಂಬತ್ತನೆಯ ವಿಕೆಟ್ ಬಿತ್ತು. ಕಿವಿ ಕಿತ್ತುಹೋಗುವ ಗದ್ದಲ. ಫೋನ್ ರಿಂಗಾಗುತ್ತಿದೆಯೋ ಇಲ್ಲವೋ ಅದೂ ಕೇಳುತ್ತಿರಲಿಲ್ಲ. ಮಾವ ಎದ್ದು ಮೆಟ್ಟಿಲ ಕಡೆ ನಡೆದೇಬಿಟ್ಟರು.

“ಮಾವ, ಒಂದೇ ವಿಕೆಟ್! ಒಂದೇ ಒಂದು! ಐದು ನಿಮಿಷ ನಿಲ್ಲಿ!”

“ಸೊಪ್ಪು ಬೂದಿಯಾಗ್ಲಿ ಕಣವ್ವ, ಆಟಾನೂ ಬೂದಿಯಾಗ್ಲಿ. ಅವ್ಳು ಒಬ್ಳೇ ಅವ್ಳೆ.”

ನಾನು ಹಿಂದೆ ಓಡಿದೆ. ಗೇಟು ದಾಟಿ ಬೀದಿಗೆ ಬಂದು, ಮೈದಾನದ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ನಿಂತು ಮಾವ ಅತ್ತೆಯ ನಂಬರನ್ನೇ ಮತ್ತೆ ಮತ್ತೆ ಒತ್ತಿದರು. ಅವರು ಒತ್ತುತ್ತಿರುವಾಗಲೇ ಗೋಡೆಯ ಆಚೆಯಿಂದ ಸಾವಿರಾರು ಜನ ಒಟ್ಟಿಗೆ ಕೂಗಿದ ಸದ್ದು ಬಂತು. ಗೆದ್ದರು. ನಲವತ್ತು ವರ್ಷ ಕಾದದ್ದು ಒಂದು ಗೋಡೆಯ ಆಚೆ ಮುಗಿದುಹೋಯಿತು. ಮಾವ ತಲೆಯೆತ್ತಿ ಕೂಡ ನೋಡಲಿಲ್ಲ.

ಐದು ನಿಮಿಷವಾಗಿರಬಹುದು. ಅವರ ಕೈಯಲ್ಲಿದ್ದ ಫೋನೇ ಹೊಡೆದುಕೊಂಡಿತು.

“ಗೆದ್ರು ಕಣ್ರೀ! ಗೆದ್ಬುಟ್ರು!” ಅತ್ತೆ ಏದುಸಿರು ಬಿಡುತ್ತಿದ್ದರು.

“ನೀನು... ನೀನು ಚೆಂದಾಗಿದ್ದೀಯಾ?”

“ನಂಗೇನಾಗದೆ? ಫೋನು ಮನೇಲಿ ಚಾರ್ಜಿಗಾಕಿದ್ದೆ. ಟಿವೀನ ಬ್ಯಾರನ್ ತಾವ್ಕೆ ತರ್ಸಿ, ಅಕ್ಕಪಕ್ಕದೋರೆಲ್ಲ ಅಲ್ಲೇ ಕುಂತು ನೋಡ್ತಿದ್ವಿ, ಗಲಾಟೇಲಿ ಯಾರ್ ಫೋನೂ ಕೇಳ್ನಿಲ್ಲ. ನಿಮ್ಗೆ ಯೋಳಾನ ಅಂತ ಈಗ ಮನೆಗೆ ಓಡ್ಬಂದೆ.”

“ನೀನು ಆಟ ನೋಡುದ್ಯಾ?”

“ಆಟ ಯಾರ್ ನೋಡುದ್ರು? ನೀವು ಕಾಣ್ತೀರೇನೋ ಅಂತ ಮೊದಲ್ನೇ ದಿನದಿಂದ ಉಡುಕ್ತಾವ್ನಿ. ಜನಾನ ತೋರಿಸ್ದಾಗೆಲ್ಲ ಟಿವಿಗೆ ಮೂತಿ ಇಟ್ಕಂಡು ನೋಡ್ದೆ. ಒಂದ್ಸಲಾನೂ ಕಾಣ್ನಿಲ್ಲ.” ಅತ್ತೆ ಮೂಗೆಳೆದುಕೊಂಡ ಸದ್ದು ಕೇಳಿತು. “ಓಗ್ಲಿ ಬುಡಿ. ನೀವು ನೋಡುದ್ರಲ್ಲ! ಕಣ್ತುಂಬ ನೋಡುದ್ರಾ?”

ನಾನು ಬಾಯಿ ತೆರೆದೆ. ಮಾವ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು.

“ನೋಡ್ದೆ ಕಣೆ. ಕಣ್ತುಂಬ ನೋಡ್ದೆ.”

ಸೊಪ್ಪಿನ ವಿಷಯ ಅವರು ಕೇಳಲೇ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಹಾಗೆಯೇ ಜಾರಿ ಫುಟ್‌ಪಾತಿನ ಮೇಲೆ ಕೂತರು.

“ನಿಂಗೆ ಟಿವೀಲಿ ಎಂಗೆ ಕಾಣ್ತು, ವಸಿ ಯೋಳು.”

“ಎಂಗೆ ಅಂದ್ರೆ... ಗಡ್ಡದೋನು ಒಬ್ಬವ್ನಲ್ಲ, ಉದ್ದುಕವ್ನೆ, ಅವ್ನು ದೂರದಿಂದ ಓಡ್ಬಂದ. ಬಂದ, ಬಂದ, ಎಸ್ದ. ಆ ಬಿಳಿಯ ಬ್ಯಾಟ್ ಎತ್ಕಂಡು ಸುಮ್ಕೆ ನಿಂತ್ಕಂಡ, ಪಾಪ. ಬಾಲು ಒಳೀಕೆ ನುಗ್ತು ನೋಡಿ, ಮಧ್ಯದ ಕಡ್ಡಿ ಕಿತ್ಕಂಡು ಎರಡು ಮಾರು ದೂರುಕ್ಕೆ ಬಿತ್ತು. ನಮ್ಮುಡುಗ್ರು ಒಬ್ರ ಮ್ಯಾಲೊಬ್ರು ಬಿದ್ರು. ಅದ್ರಲ್ಲಿ ಒಬ್ಬ ಅಳ್ತಾವ್ನೆ ಕಣ್ರೀ, ಅಷ್ಟು ದೊಡ್ಡಾಳು!”

ಸುತ್ತಮುತ್ತ ಜನ ಬಾವುಟ ಹಿಡಿದು ಕುಣಿಯುತ್ತ ಹೊರಗೆ ಬರುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಮಾವ ಕಣ್ಣು ಮುಚ್ಚಿ, ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಿದ್ದರು.

“ಇನ್ನೊಂದ್ಸಲ ಯೋಳು” ಎಂದರು. “ಅವ್ನು ಓಡ್ಬಂದ್ನಲ್ಲ, ಅಲ್ಲಿಂದ.”