ಆರ್ವಿಲ್‌ನ ಮಾರಾಟದ ಕಾರು

ಆರ್ವಿಲ್ ಸ್ಟೌಟ್ ತನ್ನ ಕೆಂಪು ಕಾರಿನ ಗಾಜಿನ ಮೇಲೆ 'ಮಾರಾಟಕ್ಕಿದೆ, ನಲವತ್ತು ಸಾವಿರ ಡಾಲರ್' ಎಂದು ಬರೆದದ್ದು ಮಾರುವುದಕ್ಕಲ್ಲ. ಹೆಂಡತಿ ಡೆಲೋರಿಸ್ ದೇವರ ಪಾದ ಸೇರಿದ ಮೇಲೆ ಒಹಾಯೊದ ಆ ಬೀದಿಯಲ್ಲಿ ಅವನ ಮನೆಗೆ ಬರುತ್ತಿದ್ದವನು ಅಂಚೆಯವನೊಬ್ಬನೇ. ಅವನೂ ಬೀದಿಬದಿಯ ಅಂಚೆಪೆಟ್ಟಿಗೆಯ ತನಕ ಬಂದು ತಿರುಗಿ ಹೋಗುತ್ತಿದ್ದ.

ಬೆಲೆ ಬರೆದ ಮೊದಲ ಶನಿವಾರವೇ ಐದು ಜನ ಬಂದರು. ಹಳೆಯ ಕಾರಿನ ಹುಚ್ಚಿರುವವರು ಎತ್ತಿದ ಬಾನೆಟ್ ಕಂಡರೆ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತುತ್ತಾರೆ. ವಾದ ಮಾಡಿದರು, ಕಾಫಿ ಕುಡಿದರು, ಹೋದರು. ಮುಂದಿನ ವಾರ ಮತ್ತೆ ಐದಾರು ಜನ. ಹದಿನೆಂಟು ಸಾವಿರ ಬಾಳುವ ಗಾಡಿಗೆ ನಲವತ್ತು ಕೊಡುವ ಹುಚ್ಚ ಇನ್ನೂ ಹುಟ್ಟಿಲ್ಲವೆಂಬ ಧೈರ್ಯ ಆರ್ವಿಲ್‌ಗಿತ್ತು.

ಈ ಶನಿವಾರ ಬೆಳಗ್ಗೆ ಆ ಹುಚ್ಚ ಬಂದ. ಹೆಸರು ಕರ್ಟಿಸ್ ಬೆಲ್ಚರ್. ಅರವತ್ತು ದಾಟಿದ ವಯಸ್ಸು, ಇಸ್ತ್ರಿಯ ಅಂಗಿ. ಕಾರಿಗೆ ಎರಡು ಸುತ್ತು ಬಂದು, "ಬೆಲೆ ಸರಿಯಾಗೇ ಇದೆ" ಎಂದ.

ಆರ್ವಿಲ್ ಗಾಜಿನ ಬರಹಕ್ಕೆ ಅಡ್ಡ ನಿಂತ. ಬೇಲಿಯ ಆಚೆಯಿಂದ ಎಡಮನೆಯ ಗ್ಲೆನ್ ಕೂಗಿದ: "ಕೇಳಿದ್ಯಾ ಮಾರ್ಜ್! ನಮ್ಮ ಮುದುಕಪ್ಪನಿಗೆ ಲಾಟರಿ ಹೊಡೀತು!"

ಬಲಮನೆಯ ಮಾರ್ಜ್ ಓಡಿಬಂದಳು. ಉಳಿದ ಅಜ್ಜಿಯರು ಮೊಮ್ಮಕ್ಕಳ ಅಂಕ ಹೇಳಿಕೊಂಡಂತೆ ತನ್ನ ಅರ್ಧ ಪೆಟ್ರೋಲ್, ಅರ್ಧ ವಿದ್ಯುತ್ತಿನ ಕಾರಿನ ಮೈಲೇಜು ಹೇಳಿಕೊಳ್ಳುವವಳು ಅವಳು.

"ಇದು ಪೆಟ್ರೋಲ್ ಕುಡಿಯುತ್ತೆ ಸಾರ್," ಎಂದು ಆರ್ವಿಲ್ ತನ್ನ ಕಾರನ್ನು ತಾನೇ ಹಳಿಯತೊಡಗಿದ. "ಗ್ಯಾಲನ್‌ಗೆ ಒಂಬತ್ತೇ ಮೈಲಿ. ಅದೂ ಇಳಿಜಾರಲ್ಲಿ."

"ನನ್ನದು ಐವತ್ನಾಲ್ಕು ಕೊಡುತ್ತೆ!" ಎಂದಳು ಮಾರ್ಜ್.

"ನಿನ್ನದು ಕಾರಲ್ಲ ತಾಯಿ, ಮಿಕ್ಸಿ," ಎಂದ ಗ್ಲೆನ್.

ಕರ್ಟಿಸ್‌ಗೆ ಸಂತೋಷವೇ ಆಯಿತು. "ಒಂಬತ್ತಾ? ಹಾಗಾದ್ರೆ ಇಂಜಿನ್‌ಗೆ ಯಾರೂ ಕೈಹಾಕಿಲ್ಲ."

"ತಳ ತುಕ್ಕು ಹಿಡಿದಿದೆ. ಸೀಟಿನ ಕೆಳಗೆ ರಸ್ತೆ ಕಾಣುತ್ತೆ!" ಎಂದ ಆರ್ವಿಲ್.

"ಬಣ್ಣ ಬಳಿದು ಮುಚ್ಚಿಲ್ಲ ನೋಡಿ, ಅದಕ್ಕೇ ಈ ಬೆಲೆ," ಎಂದು ಗ್ಲೆನ್ ಯಾರೂ ಕೇಳದೆಯೇ ವಿವರಿಸಿದ. ಹಳೆಯ ಕಾರಿನ ಹುಚ್ಚಿನವರ ಪಂಥದಲ್ಲಿ ರಿಪೇರಿಯಾದ ಕಾರಿಗೆ ಮರ್ಯಾದೆ ಕಡಿಮೆ. ಕಾರ್ಖಾನೆಯಿಂದ ಬಂದಂತೆಯೇ ಇದ್ದು ಹಾಳಾದದ್ದು ದೇವರ ಸಮಾನ.

ಕೊನೆಯ ಉಪಾಯವಾಗಿ ಆರ್ವಿಲ್ ಅವನನ್ನು ಸುತ್ತಾಡಿಸಲು ಕರೆದೊಯ್ದ. ಡೆಲೋರಿಸ್ ನಲವತ್ತು ವರ್ಷ ಕೂತ ಸೀಟಿನಲ್ಲಿ ಕರ್ಟಿಸ್ ಕೂತ. ಚರ್ಚಿನ ಎದುರು ಆರ್ವಿಲ್ ಬೇಕೆಂದೇ ತಪ್ಪು ಗೇರು ಹಾಕಿದಾಗ ಕಾರು ಕೆಮ್ಮಿ ನಿಂತಿತು. ಮತ್ತೆ ಶುರುವಾಗಲೇ ಇಲ್ಲ. ಕರ್ಟಿಸ್ ಇಳಿದು, ಅಂಗಿಯ ತೋಳು ಮಡಚಿ ಮನೆಯ ಕಡೆಗೆ ತಳ್ಳಿದ. ಬೆವರು ಸುರಿಸಿ ನಗುತ್ತಾ, "ಇಷ್ಟು ಖುಷಿಯಾಗಿ ಎಷ್ಟು ವರ್ಷ ಆಗಿತ್ತೋ!" ಎಂದ.

ಮನೆ ತಲುಪುವಷ್ಟರಲ್ಲಿ ಗ್ಲೆನ್ ಊರಿನ ಕಾರುಪ್ರಿಯರಿಗೆಲ್ಲ ಫೋನು ಮಾಡಿ, ಕಾರು ಹೋಯಿತು, ಇನ್ನು ಈ ಕಡೆ ಬರಬೇಡಿ ಎಂದು ಹೇಳಿಯಾಗಿತ್ತು. ಮಾರ್ಜ್ ಒದ್ದೆ ಬಟ್ಟೆ ತಂದು ಗಾಜಿನ ಬರಹವನ್ನು ಪ್ರೀತಿಯಿಂದ ಒರೆಸಿದಳು.

ಅಡುಗೆಮನೆಯಲ್ಲಿ ಆರ್ವಿಲ್ ಕಾಫಿ ಬಗ್ಗಿಸಿ ಕೊಟ್ಟ. "ಬೆಲ್ಚರ್ ಅವರೇ, ಕ್ಷಮಿಸಿ. ಈ ಕಾರು ಮಾರೋ ಮನಸ್ಸು ನನಗೆ ಯಾವತ್ತೂ ಇರಲಿಲ್ಲ. ಯಾರಾದ್ರೂ ಬರಲಿ ಅಂತ ಬರೆದೆ, ಅಷ್ಟೇ."

ಕರ್ಟಿಸ್ ಸಿಟ್ಟಾಗಲಿಲ್ಲ. ಲೋಟವನ್ನು ಮೆಲ್ಲಗೆ ಕೆಳಗಿಟ್ಟ. "ನನ್ನ ಹತ್ರ ನಾನೂರು ಡಾಲರೂ ಇಲ್ಲ ಸಾರ್. ಮನೇಲಿ ಮಾತಾಡೋರಿಲ್ಲ. ಮಾರೋ ಕಾರು ನೋಡೋಕೆ ಹೋದ್ರೆ ಕಾಫಿ ಕೊಡ್ತಾರೆ, ಪಕ್ಕದಲ್ಲಿ ಕೂರಿಸ್ಕೊಂಡು ಸುತ್ತಾಡಿಸ್ತಾರೆ. ಏಳು ವರ್ಷದಿಂದ ಹೀಗೇ."

ಆರ್ವಿಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ದೇವರೇ ಕಳಿಸಿದ್ದಾನೆ ಎನ್ನಿಸಿತು. "ಹಾಗಾದ್ರೆ ಮುಂದಿನ ಶನಿವಾರವೂ ಬನ್ನಿ!"

"ಮತ್ತೆ ಬರೋದಾ?" ಕರ್ಟಿಸ್ ಎದ್ದು ನಿಂತ. "ಕಾರು ನೋಡಿ ಆಯ್ತಲ್ಲ. ಮಾರದೇ ಇರೋರ ಮನೇಲಿ ನನಗೇನು ಕೆಲಸ? ಹನ್ನೊಂದಕ್ಕೆ ಪಕ್ಕದೂರಲ್ಲಿ ಒಂದು ನೀಲಿ ಕಾರಿದೆ."

ಆರ್ವಿಲ್ ಬಾಗಿಲ ತನಕ ಅವನ ಹಿಂದೆಯೇ ಹೋದ. "ನಾನೂ ಬರಲಾ?"

ಕರ್ಟಿಸ್ ಅಡ್ಡ ತಲೆಯಾಡಿಸಿದ. "ಬೇಡ ಸಾರ್. ಇಬ್ಬರು ಹೋದ್ರೆ ಯಾರೂ ಮಾತಾಡಿಸಲ್ಲ. ನಿಮಗೆ ನೀವಿಬ್ಬರು ಇದ್ದೀರಲ್ಲ ಅಂತಾರೆ."