ಎಂಟನೇ ಹಾಳೆ

ಬೆಳಕು ಹರಿಯುವುದರೊಳಗೆ ವತ್ಸಲಾ ನೀರು ಹಿಡಿದಿದ್ದಳು, ಉದ್ದಿನಬೇಳೆ ರುಬ್ಬಿದ್ದಳು, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದ್ದಳು, ಗಂಡನ ಜುಬ್ಬಾಕ್ಕೆ ಇಸ್ತ್ರಿ ಹೊಡೆದಿದ್ದಳು, ನಲವತ್ತು ಮಂದಿಗೆ ಚಟ್ನಿ ಅರೆದಿದ್ದಳು. ನಡುವೆ ಸಿಕ್ಕ ಹನ್ನೊಂದು ನಿಮಿಷದಲ್ಲಿ, ಮಗಳ ಪೆನ್ಸಿಲ್ ಹಿಡಿದು ಸಾಹಿತ್ಯ ವಿಮರ್ಶೆಯ ಕೊನೆಯ ಹಾಳೆಯನ್ನೂ ಮುಗಿಸಿದ್ದಳು. (ದೊಡ್ಡ ವಿಮರ್ಶಕರಿಗೆ ಈ ಕೆಲಸಕ್ಕೆ ಮೇಜು, ಕುರ್ಚಿ, ಬಾಗಿಲಾಚೆ ಸದ್ದು ಮಾಡದ ಹೆಂಡತಿ ಬೇಕಾಗುತ್ತದೆಂದು ಕೇಳಿದ್ದೇವೆ.)

ಮರಾಠಿ ಸೀಮೆಯ ಧರಮಪೇಠದ ಕನ್ನಡ ಓದುಗರ ಕೂಟದಲ್ಲಿ ಅಂದು ಹದಿನಾರು ವರ್ಷದಲ್ಲಿ ಮೊದಲ ಬಾರಿ ಹೆಂಗಸೊಬ್ಬಳ ಪ್ರಬಂಧ. ವಿಷಯ, ಇನ್ನೂರು ವರ್ಷದ ಹಿಂದೆ ಪರದೇಶದಲ್ಲಿ ಕಿನ್ನರ ಕಥೆ ಬರೆದು ಅಮರನಾದ ಮಹಾಶಯನ ಕೃತಿಗಳು. ಮಗಳು ಸಿಂಚನಾಳಿಗೆ ಉಣಿಸುವಾಗ ಅವನ್ನು ಓದಿ ಓದಿಯೇ ವತ್ಸಲಾಳಿಗೆ ಸಿಟ್ಟು ಬಂದಿತ್ತು. ಅವನ ಹುಡುಗಿಯರು ಬಾಯಿ ಮುಚ್ಚಿಕೊಂಡು ದುಡಿಯುತ್ತಾರೆ. ಬಹುಮಾನವಾಗಿ ಮದುವೆ ಸಿಗುತ್ತದೆ, ಇಲ್ಲವೇ ಸಾವು. ಎರಡರಲ್ಲಿ ಯಾವುದು ಹೆಚ್ಚು ಸುಖವೆಂದು ಅವನು ಹೇಳುವುದಿಲ್ಲ.

ಕೂಟಕ್ಕೊಂದು ಪದ್ಧತಿಯಿತ್ತು. ಪ್ರಬಂಧ ಯಾರದೋ ಅವರ ಮನೆಯಲ್ಲೇ ಸಭೆ, ಅವರ ಹೆಂಡತಿಯ ಕೈಯ ಬಿಸಿ ತಿಂಡಿ-ಫರಾಳ. ಪ್ರಬಂಧ ಬರೆದವರಿಗೆ ಹೆಂಡತಿಯ ಬದಲು ಗಂಡನಿದ್ದರೆ ಏನು ಮಾಡಬೇಕೆಂದು ಪದ್ಧತಿ ಮಾಡಿದವರಿಗೆ ಹೊಳೆದಿರಲಿಲ್ಲ.

ಹನ್ನೊಂದಕ್ಕೆ ಮಂದಿ ಸೇರಿದರು. ಅಧ್ಯಕ್ಷ ಭೀಮಪ್ಪನವರು ಅಡುಗೆಮನೆಗೆ ಇಣುಕಿದರು. "ವತ್ಸಲಾಬಾಯಿ, ವಡಿ ಬಿಸಿ ಇರಬೇಕ್ರಿ. ತಣ್ಣಗಾದ್ರ ವಿಮರ್ಶೆ ಯಾರೂ ಕೇಳಂಗಿಲ್ಲ."

"ಮತ್ತ ಓದೋರು ಯಾರ್ರಿ?"

"ನಾ ಓದ್ತೀನಿ ತಗೋ," ಎಂದ ಗಂಡ ಹಯವದನ. ಸ್ಟೇಷನ್ನಿನ ಮೈಕಿನಲ್ಲಿ ರೈಲುಗಳ ಹೆಸರು ಓದಿ ಪಳಗಿದ ದನಿ ಅವನದು. "ನಿಂದ ಹೆಸರು ಹೇಳ್ತೀನಿ. ನಿನ್ನ ಕೈ ಖಾಲಿ ಇಲ್ಲಲ್ಲ."

"ನೀವು ವಡಿ ಕರೀರಿ, ನಾ ಓದ್ತೀನಿ."

"ನನಗ ಬರೋಬರ್ ತೂತು ಮಾಡ್ಲಿಕ್ಕೆ ಬರಂಗಿಲ್ಲ." (ಹೆಂಡತಿಯ ಮಾತಿನಲ್ಲಿ ತೂತು ಮಾಡಲು ಮಾತ್ರ ಹದಿನೆಂಟು ವರ್ಷದಿಂದ ಬರೋಬರ್ ಬರುತ್ತಿತ್ತು.)

ವತ್ಸಲಾ ಹಾಳೆಗಳನ್ನು ಕೊಟ್ಟಳು. ಹೊರಗೆ ಅವಳ ಮಾತು ಅವನ ದನಿಯಲ್ಲಿ ಚಪ್ಪಾಳೆ ಗಿಟ್ಟಿಸಿತು. "ಬಾಯಿ ಮುಚ್ಚಿಕೊಂಡು ದುಡಿಯುತ್ತಾರೆ" ಎಂಬಲ್ಲಿ ಭೀಮಪ್ಪನವರು ವಾಹ್ ಎಂದರು. ವತ್ಸಲಾ ಬಾಯಿ ಮುಚ್ಚಿಕೊಂಡು ಬಾಣಲೆಯಿಂದ ಆರನೇ ಘಾಣ ವಡೆ ಇಳಿಸಿದಳು.

ಓದು ತಟ್ಟನೆ ನಿಂತಿತು. ಸಿಂಚನಾ ಒಳಗೆ ಬಂದಳು. "ಅಮ್ಮಾ, ಏಳೇ ಹಾಳಿ ಅವ. ಪಪ್ಪಾಗ ಎಂಟನೇದು ಪಾಯಿಜೆ, ಜಲ್ದಿ ಬೇಕಂತ."

ಎಂಟನೆಯದು ವಡೆಗಳ ಕೆಳಗಿತ್ತು. ನಸುಕಿನಲ್ಲಿ ಬರೆದು ಕಟ್ಟೆಯ ಮೇಲೆ ಬಿಟ್ಟಿದ್ದ ಹಾಳೆಯನ್ನು, ಮೊದಲ ಘಾಣದ ಅವಸರದಲ್ಲಿ, ಎಣ್ಣೆ ಹೀರಲೆಂದು ತಾಟಿಗೆ ಹಾಸಿದ್ದಳು. ಗಂಡನಲ್ಲ, ಅತ್ತೆಯಲ್ಲ, ಅಧ್ಯಕ್ಷರೂ ಅಲ್ಲ, ಹಾಸಿದ್ದು ಅವಳದೇ ಕೈ. ಬೈಯಲು ಒಬ್ಬರೂ ಸಿಗಲಿಲ್ಲ.

"ಸಿಗಲಿಲ್ಲಂದ್ರ ಬಿಡು," ಹಯವದನ ಹೊರಗಿನಿಂದಲೇ ಹೇಳಿದ. "ಆಭಾರ ಹೇಳಿ ಮುಗಸ್ತೀನಿ. ವಡಿ ಕಳಸು."

"ಏನಂತ ಹೇಳ್ಲಿ?" ಎಂದಳು ಸಿಂಚನಾ.

"ಏನೂ ಬ್ಯಾಡ. ನೀ ಹೋಗಿ ಕೂಡು."

ಒಬ್ಬಳೇ ಉಳಿದ ಮೇಲೆ ವತ್ಸಲಾ ಹಾಳೆಯನ್ನು ಎಳೆದು ಕಿಟಕಿಗೆ ಹಿಡಿದಳು. ಎಣ್ಣೆ ಕುಡಿದ ಕಾಗದ ಗಾಜಿನಂತಾಗಿತ್ತು. ಪೆನ್ಸಿಲ್ ಅಕ್ಷರ ಮಾತ್ರ ಅಲುಗಿರಲಿಲ್ಲ. 'ಆ ಹುಡುಗಿ ಕೆಲಸ ಅರ್ಧಕ್ಕೆ ಬಿಟ್ಟು ಎದ್ದಿದ್ದರೆ, ಮಹಾಶಯನ ಕಥೆ ಏನಾಗುತ್ತಿತ್ತು?'

ಏಳನೇ ಘಾಣ ಬಾಣಲೆಯಲ್ಲಿತ್ತು. ಒಂದು ಮಗ್ಗುಲು ಇನ್ನೂ ಹಸಿ. ಎರಡು ನಿಮಿಷ ನಿಂತಿದ್ದರೆ ಕೆಂಪಗೆ ಬೇಯುತ್ತಿದ್ದವು.

ಅವಳು ಗ್ಯಾಸ್ ಆರಿಸಿ, ಎಣ್ಣೆ ತೊಟ್ಟಿಕ್ಕುವ ಹಾಳೆ ಹಿಡಿದು, ಪಡಸಾಲೆಗೆ ನಡೆದಳು.